ಹೊಟ್ಟೆಯ ಹುಣ್ಣಿಗೆ ಗಣಿಕೆ, ಅತಿಮಧುರ, ಹುರುಳಿ

ಹಲಸೂರು ಬಜಾರಿನ ಸೊಪ್ಪಿನ ಗಾಡಿಗಳ ಬಳಿ ಬೆಳಗಿನ ಹೊತ್ತು ನಿಂತರೆ ಒಂದೇ ಗಿಡವನ್ನು ಜನ ನಾಲ್ಕು ಹೆಸರಿನಲ್ಲಿ ಕೇಳುತ್ತಾರೆ. ಕನ್ನಡದವರಿಗೆ ಅದು ಗಣಿಕೆ ಸೊಪ್ಪು. ತಮಿಳಿನವರಿಗೆ ಮಣತಕ್ಕಾಳಿ, ತೆಲುಗಿನವರಿಗೆ ಕಾಮಂಚಿ, ಉರ್ದು ಮಾತಿನವರಿಗೆ ಮಕೋಯ್. ಕೊಳ್ಳುವ ಕಾರಣ ಮಾತ್ರ ಹೆಚ್ಚುಕಡಿಮೆ ಒಂದೇ: ಬಾಯಲ್ಲಿ ಹುಣ್ಣಾಗಿದೆ, ಇಲ್ಲವೇ ಹೊಟ್ಟೆಯಲ್ಲಿ ಉರಿ. ಬೇಳೆ ಜೊತೆ ಬೇಯಿಸಿ, ಕಾಯಿ ಹಾಕಿ, ಖಾರ ಕಮ್ಮಿ ಮಾಡಕ್ಕಾ ಎಂಬ ಸಲಹೆ ಕಂತೆಯ ಜೊತೆಗೇ ಸಿಗುತ್ತದೆ. ಇದೇ ಗಿಡದ ಪುಟ್ಟ ಕಾಯಿಗಳನ್ನು ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ವತ್ತಲ್ ಕೂಡ ಇಲ್ಲಿನ ತಮಿಳು ಮನೆಗಳ ಅಡುಗೆಗೆ ಹೊಸದಲ್ಲ.

ಈ ಮನೆಮದ್ದನ್ನು ಪ್ರಯೋಗಾಲಯಕ್ಕೆ ಒಯ್ದವರಿದ್ದಾರೆ. ಮದರಾಸು ವಿಶ್ವವಿದ್ಯಾಲಯದ ಮಲ್ಲಿಕಾ ಜೈನು ಮತ್ತು ಸಿ.ಎಸ್. ಶ್ಯಾಮಲಾ ದೇವಿ ಗಣಿಕೆಯ ಸಾರವನ್ನು ಇಲಿಗಳಿಗೆ ಕೊಟ್ಟು, ಬೇರೆ ಬೇರೆ ಬಗೆಯಲ್ಲಿ ಹುಣ್ಣು ಬರಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಣ್ಣು ಕಡಿಮೆಯಾಗಿತ್ತು. ಹೊಟ್ಟೆಯಲ್ಲಿ ಆಮ್ಲವನ್ನು ಹೊರಗೆ ತಳ್ಳುವ ‘ಪ್ರೋಟಾನ್ ಪಂಪ್’ ಎಂಬ ಕಿಣ್ವದ ಕೆಲಸವನ್ನೇ ಈ ಸಾರ ತಗ್ಗಿಸಿತ್ತು. ಮೆಡಿಕಲ್ ಶಾಪುಗಳಲ್ಲಿ ದಿನವೂ ಬಿಕರಿಯಾಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳು ಹಿಡಿದು ನಿಲ್ಲಿಸುವುದೂ ಅದೇ ಪಂಪನ್ನು.

ಸೊಪ್ಪಿನ ಗಾಡಿಗೂ ಮೆಡಿಕಲ್ ಶಾಪಿಗೂ ಹೀಗೆ ಒಂದು ಕೊಂಡಿ ಬೀಳುತ್ತದೆ. ಆದರೆ ಇಲಿಗೆ ಕೊಟ್ಟದ್ದು ಅಳೆದು ತೆಗೆದ ಸಾರ, ತಟ್ಟೆಗೆ ಬೀಳುವುದು ಹುಳಿ. ಇಲಿಯ ಹುಣ್ಣು ಒಂದೇ ದಿನದಲ್ಲಿ ಬರಿಸಿದ್ದು, ಮನುಷ್ಯನ ಹುಣ್ಣು ವರ್ಷಗಳಿಂದ ಆಗಿದ್ದು. ಈ ಎರಡು ದಡಗಳ ನಡುವೆ ಎಷ್ಟು ದೂರವಿದೆ, ಯಾವ ಗಿಡ ಎಷ್ಟು ದೂರ ದಾಟಿದೆ ಎಂಬುದನ್ನು ಬಿಡಿಸಿ ನೋಡಲು ಬೆಂಗಳೂರಿನ ಪೂರ್ವ ಭಾಗಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1809ರಲ್ಲಿ ಬ್ರಿಟಿಷ್ ದಂಡು ಬಂದು ನೆಲೆಸಿದ ಮೇಲೆ ಸಿಪಾಯಿಗಳು, ವ್ಯಾಪಾರಿಗಳು, ಕೂಲಿಗಳು ನಾನಾ ಕಡೆಯಿಂದ ಇಲ್ಲಿಗೆ ಬಂದರು. ಅವರ ಬೆನ್ನಿಗೆ ಅವರವರ ವೈದ್ಯವೂ ಬಂತು. ಆಯುರ್ವೇದ, ಸಿದ್ಧ, ಯುನಾನಿ, ಇಂಗ್ಲಿಷ್ ಔಷಧ ಎಲ್ಲವೂ ಒಂದೆರಡು ಮೈಲಿಯೊಳಗೆ ಒಂದರ ಪಕ್ಕದಲ್ಲೊಂದು ಬದುಕಿಕೊಂಡಿವೆ.

ಮೊದಲು ಹುಣ್ಣಿನ ವಿಷಯ. ಹೊಟ್ಟೆಯ ಆಮ್ಲ ಮಾಂಸವನ್ನೇ ಕರಗಿಸಬಲ್ಲದು. ಆದರೂ ಹೊಟ್ಟೆ ತನ್ನನ್ನು ತಾನೇ ಕರಗಿಸಿಕೊಳ್ಳುವುದಿಲ್ಲ. ಒಳಗೋಡೆಯ ಮೇಲೆ ಹಳೆ ಬಂಗಲೆಗಳ ಗಾರೆಯ ಹಾಗೆ ಲೋಳೆಯ ಒಂದು ಪದರವಿದೆ. ಲೋಳೆಯೊಳಗೆ ಬೈಕಾರ್ಬನೇಟ್ ಎಂಬ ಕ್ಷಾರ ಸೇರಿಕೊಂಡು ಆಮ್ಲವನ್ನು ದಾರಿಯಲ್ಲೇ ತಣಿಸುತ್ತದೆ. ಕೆಳಗಿನ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ, ರಕ್ತ ಸದಾ ಹರಿಯುತ್ತದೆ. ಇವೆಲ್ಲಕ್ಕೂ ಅಪ್ಪಣೆ ಕೊಡುವ ರಾಸಾಯನಿಕಗಳು ಪ್ರೊಸ್ಟಗ್ಲಾಂಡಿನ್‌ಗಳು. ಆಸ್ಪಿರಿನ್, ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಈ ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಯನ್ನೇ ನಿಲ್ಲಿಸುತ್ತವೆ. ಆಸ್ಪಿರಿನ್ ಹೀಗೆ ಮಾಡುತ್ತದೆ ಎಂದು 1971ರಲ್ಲಿ ತೋರಿಸಿದವರು ಬ್ರಿಟನ್ನಿನ ಜಾನ್ ವೇನ್. ಮಂಡಿ ನೋವು ಕಡಿಮೆಯಾಗುವುದೂ ಹೊಟ್ಟೆಯ ಕಾವಲು ಸಡಿಲವಾಗುವುದೂ ಒಂದೇ ಕ್ರಿಯೆಯಿಂದ.

ಬಹುಕಾಲ ವೈದ್ಯರು ಆಮ್ಲವನ್ನೇ ಶತ್ರು ಎಂದು ತಿಳಿದಿದ್ದರು. ಆಮ್ಲ ಇಳಿಸದೆಯೂ ಹೊಟ್ಟೆಯನ್ನು ಕಾಪಾಡಬಹುದು ಎಂದು ಅಮೆರಿಕದಲ್ಲಿ ಆಂದ್ರೆ ರಾಬರ್ಟ್ 1979ರಲ್ಲಿ ಇಲಿಗಳಲ್ಲಿ ತೋರಿಸಿದರು. ಮೊದಲು ಅತ್ಯಲ್ಪ ಪ್ರಮಾಣದ ಪ್ರೊಸ್ಟಗ್ಲಾಂಡಿನ್ ಕೊಟ್ಟು ಆಮೇಲೆ ಶುದ್ಧ ಆಲ್ಕೊಹಾಲ್ ಕುಡಿಸಿದರೂ ಆ ಇಲಿಗಳ ಹೊಟ್ಟೆ ಗಾಯವಾಗದೆ ಉಳಿಯಿತು. ಕೋಶರಕ್ಷಣೆ ಎಂಬ ಈ ವಿಚಾರ ಗಿಡಮೂಲಿಕೆಯ ಸಂಶೋಧಕರಿಗೆ ಹೊಸ ಬಾಗಿಲು ತೆರೆಯಿತು. ಲೋಳೆ ಬಿಡುವ, ಲೋಳೆ ಹೆಚ್ಚಿಸುವ, ಉರಿಯೂತ ತಗ್ಗಿಸುವ ಗಿಡಗಳನ್ನು ಒಂದೊಂದಾಗಿ ಇಲಿಗಳ ಮೇಲೆ ಪರೀಕ್ಷಿಸುವುದು ಭಾರತದ ಔಷಧಶಾಸ್ತ್ರ ವಿಭಾಗಗಳಲ್ಲಿ ದೊಡ್ಡ ಕಸುಬೇ ಆಯಿತು. ಒಂದೆಲಗ, ಲೋಳೆಸರ, ಶತಾವರಿ, ನೆಲ್ಲಿಕಾಯಿ, ಬೇವು ಎಲ್ಲವೂ ಆ ಸಾಲಿನಲ್ಲಿ ಕುಳಿತವು.

ಅಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ದೊಡ್ಡ ಸುದ್ದಿ ಬಂತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಹೊಟ್ಟೆಯ ಲೋಳೆಯಡಿಯಲ್ಲಿ ಅಡಗಿ ಬದುಕುವ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ತಾನೇ ಅದನ್ನು ಕುಡಿದು ಜಠರದ ಉರಿಯೂತ ತಂದುಕೊಂಡರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಸೂಕ್ಷ್ಮಾಣುವಿಗಾಗಿ ಇಬ್ಬರಿಗೂ 2005ರ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಅದನ್ನು ಕ್ಯಾನ್ಸರ್ ತರುವ ಮೊದಲ ದರ್ಜೆಯ ಕಾರಣಗಳ ಪಟ್ಟಿಗೆ ಸೇರಿಸಿತ್ತು. ಇವತ್ತಿನ ತಿಳಿವಳಿಕೆಯ ಪ್ರಕಾರ ಹುಣ್ಣಿನ ಎರಡು ಮುಖ್ಯ ಕಾರಣಗಳು ಈ ಸೂಕ್ಷ್ಮಾಣು ಮತ್ತು ನೋವಿನ ಮಾತ್ರೆಗಳು. ಖಾರ, ಚಿಂತೆ, ನಿದ್ದೆಗೆಡುವುದು ಉರಿಯನ್ನು ಹೆಚ್ಚಿಸಬಹುದು, ಹುಣ್ಣಿನ ಬೇರು ಅವಲ್ಲ.

ಹಾಗಾದರೆ ಸೊಪ್ಪುಸದೆಯ ಕತೆ ಮುಗಿಯಿತೇ? ಇಲ್ಲ. ಭಾರತದಲ್ಲಿ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಎಚ್. ಪೈಲೋರಿ ಇದೆ. ಹುಣ್ಣಾಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಉಳಿದವರನ್ನು ಕಾಯುತ್ತಿರುವುದು ಏನು? ಗಿಡಗಳ ವಿಷಯ ಮತ್ತೆ ಮುಖ್ಯವಾಗುವುದು ಈ ಪ್ರಶ್ನೆಯ ಬಳಿ.

ಅತಿಮಧುರದ ಕಡ್ಡಿ

ಶಿವಾಜಿನಗರದಲ್ಲಿ 1927ರ ರಸೆಲ್ ಮಾರ್ಕೆಟ್ಟಿನ ಸುತ್ತಿನ ಗಲ್ಲಿಗಳ ಯುನಾನಿ ಮದ್ದಿನ ಅಂಗಡಿಗಳಲ್ಲಿ ‘ಮುಲೇಠಿ’ ಎಂದು ಕೇಳಿದರೆ ಹಳದಿ ಒಳಮೈಯ ಬೇರಿನ ಕಡ್ಡಿಗಳನ್ನು ತೂಗಿ ಕೊಡುತ್ತಾರೆ. ಕನ್ನಡದ ಗಂಧಿಗೆ ಅಂಗಡಿಗಳಲ್ಲಿ ಅದೇ ಅತಿಮಧುರ, ಜ್ಯೇಷ್ಠಮಧು. ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಈ ಬೇರು ಹೊಟ್ಟೆ ಹುಣ್ಣಿನ ಆಧುನಿಕ ಔಷಧದ ಚರಿತ್ರೆಯಲ್ಲಿ ಪಡೆದ ಜಾಗ ದೊಡ್ಡದು.

ಎರಡನೇ ಮಹಾಯುದ್ಧದ ದಿನಗಳಲ್ಲಿ ಹಾಲೆಂಡಿನ ಹೇರನ್ವೇನ್ ಎಂಬ ಊರಿನ ಔಷಧ ಅಂಗಡಿಯೊಂದರ ಅತಿಮಧುರದ ಲೇಹ್ಯದಿಂದ ರೋಗಿಗಳಿಗೆ ಹುಣ್ಣು ವಾಸಿಯಾಗುವುದನ್ನು ಅಲ್ಲಿನ ವೈದ್ಯ ರೇವರ್ಸ್ ಗಮನಿಸಿದರು. 1946ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅವರು ಇನ್ನೊಂದನ್ನೂ ಮುಚ್ಚಿಡದೆ ಬರೆದರು: ಸುಮಾರು ಐವರಲ್ಲಿ ಒಬ್ಬರಿಗೆ ಮುಖ, ಕಾಲು ಊದಿಕೊಳ್ಳುತ್ತಿತ್ತು. ಮುಂದೆ ಲಂಡನ್ನಿನಲ್ಲಿ ಅತಿಮಧುರದ ಸತ್ವದಿಂದಲೇ ಕಾರ್ಬಿನೊಕ್ಸೊಲೋನ್ ಎಂಬ ಮಾತ್ರೆ ತಯಾರಾಯಿತು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಸ್ಥಾಪಿಸಿದ ರಿಚರ್ಡ್ ಡಾಲ್ ಅವರೇ 1962ರಲ್ಲಿ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ಜಠರದ ಹುಣ್ಣು ಮಾಯುವುದನ್ನು ವೇಗಗೊಳಿಸುತ್ತದೆ ಎಂದು ಪರೀಕ್ಷೆಯಲ್ಲಿ ಗೆದ್ದ ಮೊದಲ ಔಷಧಗಳಲ್ಲಿ ಅದೂ ಒಂದು. 1976ರಲ್ಲಿ ಸಿಮೆಟಿಡಿನ್ ಬಂದ ಮೇಲಷ್ಟೇ ಅದು ಮೂಲೆಗೆ ಸರಿದದ್ದು.

ಊತ ಏಕೆ ಬಂತು ಎಂಬುದೂ ಆಮೇಲೆ ತಿಳಿಯಿತು. ಅತಿಮಧುರದ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ. ಮೈ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಸೋರಿಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಯುರೋಪಿನ ಆಹಾರ ಸಮಿತಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬೇಡಿ ಎಂದು ಹೇಳಿರುವುದು ಇದಕ್ಕೇ. ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು ‘ಬೇರು ತಾನೇ, ಏನೂ ಆಗಲ್ಲ’ ಎಂದು ದಿನವೂ ಇದರ ಪುಡಿ ತಿನ್ನುವುದನ್ನು ಕಂಡರೆ ಆತಂಕವಾಗುವುದು ಸಹಜ. ಹುಣ್ಣು ಮಾಯಿಸುವ ಶಕ್ತಿ ಇರುವ ಬೇರಿಗೆ ಬಿಪಿ ಏರಿಸುವ ಶಕ್ತಿಯೂ ಇದೆ.

ಗ್ಲಿಸಿರೈಜಿನ್ ಅನ್ನು ಬಹುಪಾಲು ತೆಗೆದು ಉಳಿದ ಫ್ಲೇವನಾಯ್ಡ್‌ಗಳನ್ನು ಉಳಿಸಿಕೊಂಡರೆ ಹೇಗೆ? ಈ ಕೆಲಸ ನಮ್ಮ ಊರಿನಲ್ಲೇ ನಡೆಯಿತು. ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಕಂಪನಿ ‘ಗಟ್‌ಗಾರ್ಡ್’ ಎಂಬ ಹೆಸರಿನಲ್ಲಿ ಅಂಥ ಸಾರವನ್ನು ತಯಾರಿಸಿತು. 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಜೀರ್ಣದಿಂದ ನರಳುತ್ತಿದ್ದ 50 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 75 ಮಿಲಿಗ್ರಾಂ ಸಾರವನ್ನು ದಿನಕ್ಕೆರಡು ಬಾರಿ 30 ದಿನ ಕೊಟ್ಟರು, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ಸಾರ ತೆಗೆದುಕೊಂಡವರ ತೊಂದರೆ ಚೆನ್ನಾಗಿ ಇಳಿಯಿತು. 2013ರಲ್ಲಿ ‘ಎವಿಡೆನ್ಸ್-ಬೇಸ್ಡ್ ಕಾಂಪ್ಲಿಮೆಂಟರಿ ಅಂಡ್ ಆಲ್ಟರ್ನೇಟಿವ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಪರೀಕ್ಷೆ ಎಚ್. ಪೈಲೋರಿ ಇರುವ 107 ಮಂದಿಯ ಮೇಲೆ. ದಿನಕ್ಕೆ 150 ಮಿಲಿಗ್ರಾಂನಂತೆ 60 ದಿನ. ಮಲಪರೀಕ್ಷೆಯಲ್ಲಿ ಸಾರ ತೆಗೆದುಕೊಂಡವರ ಪೈಕಿ 56 ಶೇಕಡಾ ಮಂದಿಗೆ ಸೂಕ್ಷ್ಮಾಣು ಇಲ್ಲವೆಂದು ಬಂತು, ಬರಿಯ ಮಾತ್ರೆಯವರಲ್ಲಿ 4 ಶೇಕಡಾ.

ಈ ಅಂಕಿಯನ್ನು ಓದುವುದು ಹೇಗೆ ಎಂಬುದರಲ್ಲೇ ಎಲ್ಲವೂ ಇದೆ. ಒಂದು ಬೇರಿನ ಸಾರ ಇಷ್ಟು ಮಾಡಿದ್ದು ದೊಡ್ಡ ಮಾತು. ಆದರೆ ಎಚ್. ಪೈಲೋರಿಗೆ ವೈದ್ಯರು ಕೊಡುವ 14 ದಿನದ ಆ್ಯಂಟಿಬಯಾಟಿಕ್ ಚಿಕಿತ್ಸೆಯಿಂದ ನಿರೀಕ್ಷಿಸುವ ಗುರಿ 90 ಶೇಕಡಾ. ಅದರ ಮುಂದೆ 56 ಸಾಲದು. ಎರಡೂ ಅಧ್ಯಯನಗಳ ಲೇಖಕರಲ್ಲಿ ಕಂಪನಿಯ ವಿಜ್ಞಾನಿಗಳೂ ಇದ್ದಾರೆ. ಹಾಗಾಗಿ ಸಂಬಂಧವಿಲ್ಲದ ಕೈಗಳು, ಹೆಚ್ಚು ರೋಗಿಗಳ ಮೇಲೆ ಇದನ್ನು ಮತ್ತೆ ಮಾಡಿ ನೋಡಬೇಕು. ನಮ್ಮ ದೇಶದಲ್ಲಿ ಎಚ್. ಪೈಲೋರಿ ಕ್ಲಾರಿತ್ರೊಮೈಸಿನ್, ಮೆಟ್ರೊನಿಡಜೋಲ್‌ನಂಥ ಔಷಧಗಳಿಗೆ ಬಗ್ಗದಂತಾಗುತ್ತಿರುವ ಈ ಹೊತ್ತಿನಲ್ಲಿ ಆ್ಯಂಟಿಬಯಾಟಿಕ್ ಜೊತೆಗೆ ಈ ಸಾರವನ್ನು ಕೊಟ್ಟರೆ ಗುಣ ಹೆಚ್ಚುತ್ತದೆಯೇ ಎಂಬುದು ನಿಜಕ್ಕೂ ಕೇಳಬೇಕಾದ ಪ್ರಶ್ನೆ.

ಅದೇ ಗಲ್ಲಿಗಳಲ್ಲಿ ಸಿಗುವ ಇನ್ನೊಂದು ಸರಕು ರೂಮಿ ಮಸ್ತಗಿ. ಗ್ರೀಸಿನ ಕಿಯೋಸ್ ದ್ವೀಪದ ಮರದ ಗೋಂದು ಅದು, ಕಣ್ಣೀರ ಹನಿಯಷ್ಟು ಚಿಕ್ಕ ಹರಳುಗಳು, ಬೆಲೆ ಮಾತ್ರ ದುಬಾರಿ. ಯುನಾನಿಯ ‘ಜವಾರಿಶ್ ಮಸ್ತಗಿ’ ಹೊಟ್ಟೆಯ ಹಳೆಯ ಮದ್ದು. ಮಸ್ತಗಿ ಎಚ್. ಪೈಲೋರಿಯನ್ನು ಕೊಲ್ಲುತ್ತದೆ ಎಂದು 1998ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪತ್ರವೊಂದು ಅಚ್ಚಾದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಅದು ಗಾಜಿನ ತಟ್ಟೆಯಲ್ಲಿ ಕಂಡ ಫಲ. 2003ರಲ್ಲಿ ಬ್ರಿಟನ್ನಿನಲ್ಲಿ ಸೋಂಕಿದ್ದವರಿಗೇ ಮಸ್ತಗಿ ಕೊಟ್ಟು ನೋಡಿದಾಗ ಸೂಕ್ಷ್ಮಾಣು ಹೋಗಲಿಲ್ಲ. ಗಾಜಿನ ತಟ್ಟೆಯಲ್ಲಿ ಲೋಳೆಯಿಲ್ಲ, ಹೊಟ್ಟೆಯಲ್ಲಿ ಸೂಕ್ಷ್ಮಾಣು ಅಡಗುವುದು ಲೋಳೆಯಡಿಯಲ್ಲಿ.

ಮೈಸೂರಿನ ಸರ್ಜನ್ ಮತ್ತು ಹುರುಳಿ

ಈ ವಿಷಯದಲ್ಲಿ ಕರ್ನಾಟಕ ಜಗತ್ತಿಗೆ ಕೊಟ್ಟ ಬೆಲೆಬಾಳುವ ಸುಳಿವು ಯಾವ ಮದ್ದಿನ ಅಂಗಡಿಯಿಂದಲೂ ಬರಲಿಲ್ಲ. ಅದು ಬಂದದ್ದು ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಿಂದ. 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಸರ್ಜನ್ ಆಗಿದ್ದವರು ಫ್ರಾಂಕ್ ಟೋವಿ. ಕುಷ್ಠದಿಂದ ಮುರುಟಿದ ಕೈಕಾಲು ಮುಖಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೂ ಹೆಸರಾದವರು. ಆಗ ದಕ್ಷಿಣ ಭಾರತದಲ್ಲಿ ಡುಯೋಡಿನಲ್ ಅಲ್ಸರ್, ಅಂದರೆ ಜಠರ ದಾಟಿದೊಡನೆ ಬರುವ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು, ಬಹಳ ಜನರನ್ನು ಕಾಡುತ್ತಿತ್ತು. ಹುಣ್ಣು ಮಾಯ್ದು ಗಟ್ಟಿಕಟ್ಟಿ ಕರುಳಿನ ದಾರಿಯೇ ಮುಚ್ಚಿ, ತಿಂದದ್ದೆಲ್ಲ ವಾಂತಿಯಾಗಿ ಸೊರಗಿ ಬಂದವರಿಗೆ ಶಸ್ತ್ರಚಿಕಿತ್ಸೆಯೊಂದೇ ದಾರಿ.

ಉತ್ತರದ ಗೋಧಿ ನಾಡಿನಲ್ಲಿ ಈ ರೋಗ ಇಷ್ಟಿಲ್ಲ, ದಕ್ಷಿಣದ ಅಕ್ಕಿ ನಾಡಿನಲ್ಲಿ ಇಷ್ಟೇಕೆ? ಟೋವಿ ಈ ಪ್ರಶ್ನೆಯನ್ನು ಬಿಡಲಿಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೂ ದಶಕಗಟ್ಟಲೆ ಅದರ ಬೆನ್ನು ಹತ್ತಿದರು. ಭಾರತ, ಬಾಂಗ್ಲಾದೇಶಗಳಲ್ಲಿ ಹುಣ್ಣಿನ ರೋಗ ಎಲ್ಲೆಲ್ಲಿ ಎಷ್ಟಿದೆ ಎಂಬುದರ ಅವರ ವಿವರವಾದ ಲೇಖನ 1979ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಬಂತು. ಮರುವರ್ಷ ಪಾಲ್ ಜಯರಾಜ್ ಮತ್ತು ಇತರರ ಜೊತೆ ಅವರು ಪ್ರಕಟಿಸಿದ್ದು ಆಹಾರದ ಪ್ರಯೋಗ. ಹುಣ್ಣು ಕಡಿಮೆಯಿರುವ ನಾಡುಗಳ ಊಟವನ್ನೂ ಹೆಚ್ಚಿರುವ ನಾಡುಗಳ ಊಟವನ್ನೂ ಇಲಿಗಳಿಗೆ ತಿನ್ನಿಸಿ ಹುಣ್ಣು ಬರಿಸಿ ನೋಡಿದರು. ಮೊದಲನೆಯದು ಕಾಪಾಡಿತು.

ಆ ಕಾಪಾಡಿದ ಊಟದಲ್ಲಿ ಮೇಲುಗೈ ಪಡೆದ ಕಾಳು ಹುರುಳಿ.

ಬೆಂಗಳೂರಿನ ಪೂರ್ವಕ್ಕೆ ಹುರುಳಿ ಎಂದರೆ ಮನೆಯ ಮಾತು. ಕೃಷ್ಣರಾಜಪುರದಿಂದ ಮುಂದಕ್ಕೆ ಹೊಸಕೋಟೆ, ಮಾಲೂರು, ಕೋಲಾರದ ಖುಷ್ಕಿ ಹೊಲಗಳಲ್ಲಿ ರಾಗಿಯೊಂದಿಗೆ ಹುರುಳಿ ಬೆಳೆದ ನಾಡಿದು. ಮುದ್ದೆಗೆ ಹುರುಳಿಕಟ್ಟಿನ ಸಾರು, ಮೊಳಕೆ ಹುರುಳಿಯ ಬಸ್ಸಾರು, ಉಪ್ಸಾರು ಇಲ್ಲಿಯ ನಿತ್ಯದ ಊಟ. ದಂಡಿನ ಕಾಲದಲ್ಲಿ ದಕ್ಷಿಣ ಭಾರತದ ಸೇನೆಯ ಕುದುರೆಗಳಿಗೂ ಬೇಯಿಸಿದ ಹುರುಳಿಯೇ ಮೇವು.

ಆದರೆ ಮನೆಗಳಲ್ಲಿ ಹುರುಳಿಗೆ ಇನ್ನೊಂದು ಹೆಸರಿದೆ: ಉಷ್ಣ. ಹೊಟ್ಟೆ ಉರಿ ಎಂದವರಿಗೆ ಅಜ್ಜಿಯರು ಮೊದಲು ನಿಲ್ಲಿಸುವುದೇ ಹುರುಳಿ ಸಾರು. ಆಯುರ್ವೇದದ ಗ್ರಂಥಗಳೂ ಕುಲತ್ಥವನ್ನು ಉಷ್ಣ, ಜೀರ್ಣವಾದ ಮೇಲೆ ಹುಳಿಯಾಗುವುದು ಎಂದೇ ವಿವರಿಸುತ್ತವೆ. ಪ್ರಯೋಗಾಲಯದ ಮಾತೂ ಮನೆಯ ಮಾತೂ ಇಲ್ಲಿ ನೇರ ಎದುರುಬದುರು. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯಿರಬಹುದು. ಟೋವಿ ತಂಡ ಹುರುಳಿಯನ್ನು ಬಿಡಿಸಿ ನೋಡಿದಾಗ ಕಾಯುವ ಗುಣ ಸಿಕ್ಕಿದ್ದು ಅದರ ಕೊಬ್ಬಿನಂಶದಲ್ಲಿ, ಅದರಲ್ಲೂ ಫಾಸ್ಫೋಲಿಪಿಡ್ ಮತ್ತು ಸ್ಟೆರಾಲ್ ಎಂಬ ಭಾಗಗಳಲ್ಲಿ. ಲೋಳೆಯ ಮೇಲೆ ನೀರು ನಿಲ್ಲದಂತೆ, ಆಮ್ಲ ತಗುಲದಂತೆ ಮಾಡುವ ತೆಳು ಕೊಬ್ಬಿನ ಲೇಪ ನಮ್ಮ ಹೊಟ್ಟೆಗೂ ಸಹಜವಾಗಿ ಇದೆ. ಆದರೆ ಹುರುಳಿಯಲ್ಲಿ ಕೊಬ್ಬಿರುವುದು ತೀರ ಸ್ವಲ್ಪ. ಖಾರ ಮಸಾಲೆ ಕೂಡಿದ ಒಂದು ಬಟ್ಟಲು ಸಾರು ಕುಡಿದ ಮನುಷ್ಯನಿಗೆ ಆಗುವುದೂ, ಹುರುಳಿಯ ಕೊಬ್ಬನ್ನೇ ಬೇರ್ಪಡಿಸಿ ಕೊಟ್ಟ ಇಲಿಗೆ ಆಗುವುದೂ ಒಂದೇ ಆಗಿರಬೇಕಿಲ್ಲ.

ಮೂರು ದಶಕ ಕಳೆದ ಮೇಲೆ, 2013ರಲ್ಲಿ, ಟೋವಿ ಮತ್ತು ಸಂಗಡಿಗರು ಎಲ್ಲವನ್ನೂ ಒಟ್ಟುಗೂಡಿಸಿ ಬರೆದರು. ನುಣುಪಾಗಿ ಗಿರಣಿ ಮಾಡಿದ ಅಕ್ಕಿ, ಮೈದಾದಂಥ ಹಿಟ್ಟು, ಮರಗೆಣಸು, ಸಿಹಿಗೆಣಸು, ಬಾಳೆಕಾಯಿಯೇ ಮುಖ್ಯ ಊಟವಾದ ಕಡೆ ಹುಣ್ಣು ಹೆಚ್ಚು. ತೌಡು ತೆಗೆಯದ ಗೋಧಿ, ಸೋಯಾ, ಕೆಲವು ಸಿರಿಧಾನ್ಯ, ಕೆಲವು ಕಾಳುಗಳ ಕಡೆ ಕಡಿಮೆ. ಈ ಕೊಬ್ಬಿನ ಭಾಗಗಳು ನೋವಿನ ಮಾತ್ರೆಯಿಂದಾಗುವ ಹುಣ್ಣಿನಿಂದಲೂ ಇಲಿಗಳನ್ನು ಕಾಪಾಡಿದ್ದವು. ‘ಕೆಲವು ಸಿರಿಧಾನ್ಯ’ ಎಂಬಲ್ಲಿನ ‘ಕೆಲವು’ ಮುಖ್ಯ. ಸಿರಿಧಾನ್ಯದ ಪೊಟ್ಟಣಗಳ ಮೇಲೆ ಎಲ್ಲ ರೋಗಕ್ಕೂ ಮದ್ದು ಎಂದು ಬರೆಯುವ ಕಾಲದಲ್ಲಿ ಆ ಪದವನ್ನು ನುಂಗಿಬಿಡುವುದು ಸುಲಭ.

ಊಟಕ್ಕೂ ನಾಡಿಗೂ ಹುಣ್ಣಿಗೂ ಇರುವ ನಂಟನ್ನು ನಮ್ಮ ಹಳಬರೂ ಕಂಡಿದ್ದರು. ಕಾಶ್ಯಪ ಸಂಹಿತೆ ಆಮ್ಲಪಿತ್ತವು, ಅಂದರೆ ಹುಳಿತೇಗು ಎದೆಯುರಿಯ ರೋಗವು, ನೀರು ಹೆಚ್ಚಿರುವ ಆನೂಪ ದೇಶಗಳಲ್ಲಿ ಹೆಚ್ಚು ಎನ್ನುತ್ತದೆ. ಮಾಧವ ನಿದಾನದಲ್ಲಿ ಊಟ ಜೀರ್ಣವಾಗುವ ಹೊತ್ತಿಗೆ ಏಳುವ ನೋವನ್ನು ಪರಿಣಾಮಶೂಲ ಎಂದು ವರ್ಣಿಸಲಾಗಿದೆ. ಡುಯೋಡಿನಲ್ ಅಲ್ಸರ್‌ನ ಹಸಿದ ಹೊಟ್ಟೆಯ ನೋವನ್ನು ಬಲ್ಲ ಯಾವ ವೈದ್ಯರೂ ಆ ವರ್ಣನೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ.

ಬಾಳೆಕಾಯಿಯ ಕತೆ ಇನ್ನೂ ತೊಡಕಿನದು. 1960ರ ದಶಕದಲ್ಲೇ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎ.ಕೆ. ಸನ್ಯಾಲ್ ಮತ್ತು ಜೊತೆಯವರು ಬಾಳೆಕಾಯಿಯ ಪುಡಿ ಪ್ರಾಣಿಗಳಲ್ಲಿ ಹುಣ್ಣು ತಡೆಯುವುದನ್ನು ತೋರಿಸಿದ್ದರು. 1984ರಲ್ಲಿ ಬ್ರಿಟನ್ನಿನ ಸಂಶೋಧಕರೂ ಅದನ್ನು ಕಂಡರು, 1999ರಲ್ಲಿ ಅದರ ಹಿಂದಿನ ಒಂದು ವಸ್ತುವನ್ನೂ ಗುರುತಿಸಿದರು. ಆದರೆ ಟೋವಿಯ ಭೂಪಟದಲ್ಲಿ ಬಾಳೆಕಾಯಿ ಉಣ್ಣುವ ನಾಡುಗಳು ಹುಣ್ಣು ಹೆಚ್ಚಿರುವ ಸಾಲಿನಲ್ಲಿವೆ! ಒಣಗಿಸಿ ಪುಡಿ ಮಾಡಿದ ಮದ್ದು ಬೇರೆ, ಮೂರು ಹೊತ್ತಿನ ಊಟವೇ ಅದಾಗುವುದು ಬೇರೆ ಎಂಬುದು ಒಂದು ವಿವರಣೆ. ಇಂಥ ಜಾಗಗಳಲ್ಲೇ ಮನುಷ್ಯರ ಮೇಲಿನ ಪರೀಕ್ಷೆ ಬೇಕಾಗುವುದು.

ಪರೀಕ್ಷೆ ನಡೆದ ಕಡೆ ಉತ್ತರ ಎರಡೂ ಬಗೆಯಲ್ಲಿ ಬಂದಿದೆ. 2004ರಲ್ಲಿ ಕೋಲ್ಕತ್ತದ ಸಂಶೋಧಕರು ಬೇವಿನ ತೊಗಟೆಯ ಸಾರ 30 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಟ್ಟಾಗ ಹತ್ತು ದಿನದಲ್ಲಿ ಹೊಟ್ಟೆಯ ಆಮ್ಲ 77 ಶೇಕಡಾ ಇಳಿದದ್ದನ್ನು, ಹತ್ತು ವಾರದ ಹೊತ್ತಿಗೆ ಹುಣ್ಣು ಬಹುತೇಕ ಮಾಯ್ದದ್ದನ್ನು ಬರೆದರು. ರೋಗಿಗಳು ಬೆರಳೆಣಿಕೆಯಷ್ಟು, ಆದರೂ ಆಸೆ ಹುಟ್ಟಿಸುವ ಫಲ. ಅರಿಶಿನದ್ದು ಬೇರೆ ಕತೆ. ಥಾಯ್ಲೆಂಡಿನಲ್ಲಿ 25 ಮಂದಿಗೆ ಅರಿಶಿನದ ಪುಡಿ ಕೊಟ್ಟಾಗ ನಾಲ್ಕು ವಾರಕ್ಕೆ 12 ಮಂದಿಯ ಹುಣ್ಣು ಮಾಯ್ದಿತ್ತು, ಆದರೆ ಅಲ್ಲಿ ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ವಿಯೆಟ್ನಾಮಿನಲ್ಲಿ 118 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದಾಗ ಅರಿಶಿನದವರಲ್ಲಿ 27 ಶೇಕಡಾ, ಬರಿಯ ಮಾತ್ರೆಯವರಲ್ಲಿ 29 ಶೇಕಡಾ ಮಂದಿಗೆ ಹುಣ್ಣು ಮಾಯ್ದಿತ್ತು. ಹುಣ್ಣು ತಾನಾಗಿಯೂ ಆಗಾಗ ಮಾಯುತ್ತದೆ. ‘ನಮ್ಮ ಚಿಕ್ಕಮ್ಮನಿಗೆ ವಾಸಿಯಾಯ್ತು’ ಎಂಬ ಸಾಕ್ಷ್ಯ ಎಷ್ಟೇ ಪ್ರಾಮಾಣಿಕವಾಗಿದ್ದರೂ ಸಾಲದಿರುವುದು ಇದರಿಂದ.

53ನೇ ಸಾಲು

ಇಂದಿರಾನಗರದ 100 ಅಡಿ ರಸ್ತೆಯ ಕಚೇರಿಗಳಿಂದ ಹಲಸೂರಿನ ಆಟೋ ಸ್ಟ್ಯಾಂಡಿನವರೆಗೆ ಎಲ್ಲರ ಬಾಯಲ್ಲೂ ಇರುವ ದೂರು ‘ಗ್ಯಾಸ್ಟ್ರಿಕ್’. ಎದೆ ಉರಿ, ಹೊಟ್ಟೆ ಉಬ್ಬರ, ತೇಗು, ನಿಜವಾದ ಹುಣ್ಣು, ಕೆಲವೊಮ್ಮೆ ಹೃದಯದ ನೋವು ಕೂಡ ಅದೊಂದೇ ಹೆಸರಿನಡಿ ಬಂದು ಕೂರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೊಂದು ಪ್ಯಾಂಟೊಪ್ರಜೋಲ್, ಸಂಜೆ ಬೆನ್ನು ನೋವಿಗೊಂದು ಡೈಕ್ಲೋಫಿನ್ಯಾಕ್, ಎರಡರ ನಡುವೆ ಮೊಬೈಲಿನಲ್ಲಿ ಬಂದ ಜಾಹೀರಾತಿನ ಒಂದು ಚೂರ್ಣ. ಚೂರ್ಣದಿಂದ ಉರಿ ತಗ್ಗುತ್ತದೆ, ಸೂಕ್ಷ್ಮಾಣು ಒಳಗೇ ಉಳಿಯುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ.

ಇಂಥ ಜಾಹೀರಾತಿಗೆ ಕಾನೂನಿನ ತಡೆ ಇದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಕೊನೆಯಲ್ಲಿ 54 ರೋಗಗಳ ಪಟ್ಟಿಯಿದೆ. ಇವುಗಳನ್ನು ಗುಣಪಡಿಸುತ್ತೇವೆ ಎಂದು ಯಾವ ಔಷಧವನ್ನೂ ಜಾಹೀರಾತು ಮಾಡುವಂತಿಲ್ಲ. ಅದರ 53ನೇ ಸಾಲು ಜಠರ ಮತ್ತು ಕರುಳಿನ ಹುಣ್ಣು. ‘ಅಲ್ಸರ್ ಬುಡಸಮೇತ ಗುಣ’ ಎಂಬ ಗೋಡೆಬರಹ, ರೀಲ್ಸು, ಕರಪತ್ರ ಕಾಣುವಾಗ ಈ ಸಾಲು ನೆನಪಿನಲ್ಲಿರಲಿ.

ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಚರಟದಂಥದ್ದು ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ರಕ್ತಹೀನತೆ ಕಂಡರೆ, ಐವತ್ತೈದು ದಾಟಿದ ಮೇಲೆ ಹೊಸದಾಗಿ ಉರಿ ಶುರುವಾದರೆ ಯಾವ ಸೊಪ್ಪೂ ಯಾವ ಚೂರ್ಣವೂ ಬೇಡ, ನೇರ ಆಸ್ಪತ್ರೆ. ಹಠಾತ್ತನೆ ಹೊಟ್ಟೆ ಹಲಗೆಯಂತೆ ಬಿಗಿದು ಸಹಿಸಲಾಗದ ನೋವು ಬಂದರೆ ಹುಣ್ಣು ತೂತಾಗಿರಬಹುದು, ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನ ಶಿವಾಜಿನಗರದ ಸರ್ಕಾರಿ ಆಸ್ಪತ್ರೆ ಹತ್ತೊಂಬತ್ತನೇ ಶತಮಾನದಿಂದ ಈ ಭಾಗದ ಬಡವರಿಗೆ ಆಸರೆ. ಇಂಥ ಹೊತ್ತಿನಲ್ಲಿ ಹೋಗಬೇಕಾದ ಜಾಗ ಅದು. ಎಚ್. ಪೈಲೋರಿಗೆ ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ, ಎಂಡೋಸ್ಕೋಪಿ ಇವೆ. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ, ಆಮ್ಲದ ಮಾತ್ರೆಯನ್ನು ಎರಡು ವಾರ ನಿಲ್ಲಿಸಿ, ಸೂಕ್ಷ್ಮಾಣು ನಿಜಕ್ಕೂ ಹೋಗಿದೆಯೇ ಎಂದು ಮತ್ತೆ ನೋಡಬೇಕು. ಬಹಳ ಜನ ಬಿಡುವುದು ಈ ಎರಡನೇ ಪರೀಕ್ಷೆಯನ್ನು.

ಗಣಿಕೆಯನ್ನು ಊಟದಲ್ಲಿ ಬಿಡಬೇಕಿಲ್ಲ. ಬೇಯಿಸಿದ ಎಲೆಯನ್ನೂ ಚೆನ್ನಾಗಿ ಹಣ್ಣಾದ ಕಾಯಿಯನ್ನೂ ಈ ನಾಡು ತಲೆತಲಾಂತರದಿಂದ ತಿಂದು ಅರಗಿಸಿಕೊಂಡಿದೆ. ಹಸಿರು ಕಾಯಿಯನ್ನು ಹಸಿಯಾಗಿ ತಿನ್ನಬಾರದು, ಅದರಲ್ಲಿ ಸೊಲನಿನ್ ಎಂಬ ವಿಷಾಂಶವಿದೆ. ಅತಿಮಧುರವನ್ನು ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಯಾವ ಕಷಾಯ, ಯಾವ ಲೇಹ್ಯ ತೆಗೆದುಕೊಳ್ಳುತ್ತಿದ್ದರೂ ಆಸ್ಪತ್ರೆಯ ಡಾಕ್ಟರಿಗೆ ಹೇಳಬೇಕು. ಡಾಕ್ಟರೂ ಗದರದೆ ಕೇಳಬೇಕು. ಗದರಿದಲ್ಲಿ ಜನ ಮುಚ್ಚಿಡುತ್ತಾರೆ.

ಬೇಸರದ ಸಂಗತಿ ಬೇರೆಯೇ ಇದೆ. ಮೈಸೂರಿನಲ್ಲಿ ಹುಟ್ಟಿದ ಒಂದು ಪ್ರಶ್ನೆ ಲಂಡನ್ನಿಗೆ ಹೋಗಿ ಇಲಿಗಳ ತನಕ ಬೆಳೆದು ಅಲ್ಲೇ ನಿಂತಿತು. ಬೆಂಗಳೂರಿನಲ್ಲಿ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆ ಇದೆ. ದರ್ಶನ್ ಶಂಕರ್ ಅವರ ಮುಂದಾಳತ್ವದಲ್ಲಿ 1993ರಲ್ಲಿ ಶುರುವಾಗಿ ಯಲಹಂಕದ ಕಡೆ ಬೆಳೆದ, ಸ್ಥಳೀಯ ವೈದ್ಯ ಪರಂಪರೆಗಳ ಸಂಸ್ಥೆ ಇದೆ. ಬೌರಿಂಗ್, ಸೇಂಟ್ ಜಾನ್ಸ್‌ನಂಥ ಎಂಡೋಸ್ಕೋಪಿ ಸೌಕರ್ಯದ ದೊಡ್ಡ ಆಸ್ಪತ್ರೆಗಳಿವೆ. ಸಾರವನ್ನು ಅಳೆದು ತಯಾರಿಸಬಲ್ಲ ಕಂಪನಿಗಳೂ ಇವೆ. ಒಂದು ನಗರದಲ್ಲಿ ಇವೆಲ್ಲ ಒಟ್ಟಿಗಿರುವುದು ಅಪರೂಪ.

ಮೊದಲು ಮಾಡಬೇಕಾದ ಪರೀಕ್ಷೆ ಯಾವುದು ಎಂಬುದನ್ನು ಹಳೆಯ ಫಲಿತಾಂಶಗಳೇ ಸೂಚಿಸುತ್ತವೆ. ಸಂಧಿವಾತಕ್ಕೆ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಲೇಬೇಕಾದ ಹಿರಿಯರು ಈ ಭಾಗದ ಪ್ರತಿ ಬೀದಿಯಲ್ಲೂ ಇದ್ದಾರೆ. ಮೊದಲು ಎಚ್. ಪೈಲೋರಿ ಪರೀಕ್ಷೆ ಮಾಡಿ, ಇದ್ದವರಿಗೆ ಚಿಕಿತ್ಸೆ ಕೊಟ್ಟು, ಆಮೇಲೆ ಒಪ್ಪಿದವರನ್ನು ಎರಡು ಗುಂಪು ಮಾಡಬೇಕು. ಎಲ್ಲರಿಗೂ ಈಗಿನ ಆಮ್ಲದ ಮಾತ್ರೆ ಇದ್ದೇ ಇರಬೇಕು. ಒಂದು ಗುಂಪಿಗೆ ಅದರ ಜೊತೆ ಹುರುಳಿಯ ಕೊಬ್ಬಿನಂಶದ ಗುಳಿಗೆ, ಇನ್ನೊಂದಕ್ಕೆ ಅದೇ ರೂಪದ ಬರಿಯ ಗುಳಿಗೆ. ಆರು ತಿಂಗಳ ಮೇಲೆ ಎಂಡೋಸ್ಕೋಪಿಯಲ್ಲಿ ಯಾರ ಹೊಟ್ಟೆಯಲ್ಲಿ ಎಷ್ಟು ಗಾಯ ಎಂದು, ಗುಂಪು ಯಾವುದೆಂದು ತಿಳಿಯದ ವೈದ್ಯರು ಎಣಿಸಬೇಕು. ಬೇಕಾದ ಹುರುಳಿ ಹೊಸಕೋಟೆಯ ಹೊಲಗಳಿಂದ ಕೆ.ಆರ್. ಪುರದ ಸಂತೆಯವರೆಗೆ ಎಲ್ಲೆಲ್ಲೂ ಸಿಗುತ್ತದೆ.